ಮಕ್ಕಳ ರಕ್ಷಣೆಯ ವೈಫಲ್ಯ: ಇಂಗ್ಲೆಂಡಿನ ಮೂರು ಪ್ರಕರಣಗಳು

ಮನೆಯೊಳಗಿನ ಹಿಂಸೆಯಿಂದ ಮಗುವನ್ನು ಕಾಪಾಡುವುದು ಆಧುನಿಕ ಪ್ರಭುತ್ವ ಹೊತ್ತಿರುವ ಅತ್ಯಂತ ಕಠಿಣ ಹೊಣೆಗಳಲ್ಲೊಂದು. ಸಕಾರಣವಿಲ್ಲದೆ ಕುಟುಂಬವೊಂದರ ಬಾಗಿಲು ತಟ್ಟಿದರೆ ಅದು ಅತಿಕ್ರಮಣ. ತಟ್ಟದೆ ಹಿಂದಿರುಗಿದರೆ ಮಗುವಿನ ಜೀವಕ್ಕೇ ಕುತ್ತು. ಇಂಗ್ಲೆಂಡಿನ ಸಮಾಜಸೇವಾ ಇಲಾಖೆಗಳು ಈ ಇಕ್ಕಟ್ಟನ್ನು ಅರ್ಧ ಶತಮಾನದಿಂದ ಎದುರಿಸುತ್ತ ಬಂದಿವೆ.

1973ರಲ್ಲಿ ಬ್ರೈಟನ್ ನಗರದ ಏಳು ವರ್ಷದ ಮರಿಯಾ ಕಾಲ್ವೆಲ್ ಮಲತಂದೆಯ ಹೊಡೆತಕ್ಕೆ ಬಲಿಯಾದಳು. ಬಂಧುಗಳ ಆರೈಕೆಯಲ್ಲಿದ್ದ ಅವಳನ್ನು ತಾಯಿಯ ಮನೆಗೆ ಮರಳಿಸಲಾಗಿತ್ತು. ತರುವಾಯ ನಡೆದ ವಿಚಾರಣೆಯಿಂದಾಗಿ ಅಪಾಯದಲ್ಲಿರುವ ಮಕ್ಕಳ ದಾಖಲೆ, ಇಲಾಖೆಗಳ ಜಂಟಿ ಸಭೆ ಮುಂತಾದ ಏರ್ಪಾಟುಗಳು ನೆಲೆಗೊಂಡವು.

ಆದರೂ 2000ದ ಫೆಬ್ರವರಿಯಲ್ಲಿ, ಐವರಿ ಕೋಸ್ಟ್‌ನಿಂದ ಬಂದಿದ್ದ ಎಂಟು ವರ್ಷದ ವಿಕ್ಟೋರಿಯಾ ಕ್ಲಿಂಬಿಯೇ ಲಂಡನ್ನಿನಲ್ಲಿ ಅಸುನೀಗಿದಳು. ಅವಳ ದೇಹದ ಮೇಲೆ 128 ಗಾಯಗಳಿದ್ದವು. ನಾಲ್ಕು ಸಮಾಜಸೇವಾ ವಿಭಾಗಗಳು, ಎರಡು ಆಸ್ಪತ್ರೆಗಳು, ಪೊಲೀಸರ ಎರಡು ತಂಡಗಳು ಅವಳ ವಿಷಯವನ್ನು ಬಲ್ಲವಾಗಿದ್ದವು. ಒಂದು ಆಸ್ಪತ್ರೆಯಲ್ಲಿ ಅವಳ ಗಾಯಗಳನ್ನು ಕಜ್ಜಿಯೆಂದು ಬಗೆಯಲಾಯಿತು. ಮುಂದೆ ಆ ಕಜ್ಜಿಯ ಭಯದಿಂದಲೇ ಮನೆಭೇಟಿಯೂ ತಡವಾಯಿತು. ಲಾರ್ಡ್ ಲೇಮಿಂಗ್ ಅವರ 2003ರ ವರದಿಯು ಅವಳನ್ನು ಉಳಿಸಬಹುದಾಗಿದ್ದ 12 ಸಂದರ್ಭಗಳನ್ನು ಗುರುತಿಸಿ, 108 ಶಿಫಾರಸುಗಳನ್ನು ಮಾಡಿತು. ಅದೇ ವರದಿಯ ಇನ್ನೊಂದು ಅಂಶವೂ ಗಮನಾರ್ಹ: ಹ್ಯಾರಿಂಗೇ ಬರೋದಲ್ಲಿ ವಿಕ್ಟೋರಿಯಾಳ ಹೊಣೆ ಹೊತ್ತಿದ್ದ ಕಾರ್ಯಕರ್ತೆಯ ಕೈಯಲ್ಲಿ 19 ಪ್ರಕರಣಗಳಿದ್ದವು, ನಿಯಮದ ಮಿತಿ 12 ಮಾತ್ರ.

2004ರಲ್ಲಿ ಹೊಸ ಮಕ್ಕಳ ಕಾಯಿದೆ ಬಂದಿತು. 2007ರಲ್ಲಿ ಅದೇ ಹ್ಯಾರಿಂಗೇಯಲ್ಲಿ ಹದಿನೇಳು ತಿಂಗಳ ಪೀಟರ್ ಕಾನೆಲಿ ಸತ್ತನು. ವೈದ್ಯರು, ಪೊಲೀಸರು, ಸಮಾಜಸೇವಕರು ಆ ಕುಟುಂಬವನ್ನು ಸುಮಾರು 60 ಬಾರಿ ಕಂಡಿದ್ದರು. ಜನರ ಆಕ್ರೋಶ ಅಧಿಕಾರಿಗಳ ಮೇಲೆ ತಿರುಗಿತು. ವಿಭಾಗದ ನಿರ್ದೇಶಕಿಯನ್ನು ವಜಾ ಮಾಡಲಾಯಿತು; ಆ ಕ್ರಮ ನ್ಯಾಯಸಮ್ಮತವಲ್ಲವೆಂದು 2011ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಈ ನಡುವೆ, 2008ರ ಕೊನೆಯಿಂದ, ಮಕ್ಕಳನ್ನು ಸರ್ಕಾರದ ಪಾಲನೆಗೆ ಒಪ್ಪಿಸುವಂತೆ ಕೋರುವ ಅರ್ಜಿಗಳು ಏಕಾಏಕಿ ಹೆಚ್ಚಿ, ಮೊದಲೇ ಬಳಲಿದ್ದ ಇಲಾಖೆಗಳ ಹೊರೆ ಇಮ್ಮಡಿಸಿದಂತಾಯಿತು.

2011ರಲ್ಲಿ ಪ್ರೊಫೆಸರ್ ಐಲೀನ್ ಮನ್ರೊ ಅವರು ಸಲ್ಲಿಸಿದ ಪರಾಮರ್ಶೆ ಈ ಸುಳಿಯ ಮೂಲವನ್ನು ತೋರಿಸಿತು. ಪ್ರತಿ ದುರಂತದ ಬೆನ್ನಿಗೆ ನಿಯಮಗಳೂ ನಮೂನೆಗಳೂ ಬೆಳೆದಿದ್ದವು. ಅವನ್ನು ಪಾಲಿಸುವುದರಲ್ಲೇ ಮಗುವಿನೊಡನೆ ಕಳೆಯಬೇಕಾದ ಸಮಯ ಕರಗುತ್ತಿತ್ತು. ಕಾರ್ಯಕರ್ತರ ವಿವೇಚನೆಗೆ ಅವಕಾಶ ಕೊಡಬೇಕೆಂಬುದು ಮನ್ರೊ ಅವರ ಸಲಹೆಯ ತಿರುಳು.

ವ್ಯಕ್ತಿಗಳ ತಪ್ಪನ್ನು ಮರೆಮಾಚುವುದು ಸಲ್ಲದು. ಆದರೆ ತಪ್ಪಿತಸ್ಥರನ್ನು ದಂಡಿಸಿದ ಮಾತ್ರಕ್ಕೆ ಮುಂದಿನ ಮಗು ಸುರಕ್ಷಿತವಾಗುವುದಿಲ್ಲ. ಮಗುವಿನ ಮುಂದೆ ಕುಳಿತು ಅದರ ಮಾತು ಕೇಳಲು ಒಬ್ಬರಿಗೆ ಬಿಡುವಿರಬೇಕು. ರಕ್ಷಣೆ ಆರಂಭವಾಗುವುದು ಅಲ್ಲಿಂದಲೇ.