ತಲೆ ತಿರುಗಿದರೆ ಕಿವಿಯನ್ನೂ ತೋರಿಸೋಣ

ತಲೆ ತಿರುಗಿತು ಅಂದ ಕೂಡಲೇ ನಮ್ಮ ಮನೆಗಳಲ್ಲಿ ಬರುವ ಮೊದಲ ಮಾತು ‘ಬಿಪಿ ಇರಬೇಕು’, ಇಲ್ಲವೇ ‘ಪಿತ್ತ ಏರಿದೆ’. ಕಿವಿಯ ನೆನಪು ಆಗುವುದು ಕಡಿಮೆ. ಆದರೆ ತಲೆಸುತ್ತಿನ ಜೊತೆ ಒಂದು ಕಿವಿ ಮಂದವಾಗಿದ್ದರೆ, ಒಳಗೆ ಗುಂಯ್ ಎಂಬ ಸದ್ದಿದ್ದರೆ ನಾವು ಇಎನ್‌ಟಿ ವೈದ್ಯರ ಬಳಿ ಹೋಗಬೇಕು. ಮಾತು ತೊದಲಿದರೆ, ಕೈಕಾಲು ಸೋತರೆ ಮಾತ್ರ ನೇರ ತುರ್ತು ಚಿಕಿತ್ಸೆಗೆ.

ಕೇಳಿಸುವ ಶಂಖದಂಥ ಸುರುಳಿಯೂ ಸಮತೋಲ ಕಾಯುವ ಮೂರು ಕೊಳವೆಗಳೂ ಒಳಕಿವಿಯಲ್ಲಿ ಒಂದಕ್ಕೊಂದು ಸೇರಿಕೊಂಡಿವೆ. ಅದಕ್ಕೇ ಎರಡು ತೊಂದರೆ ಒಟ್ಟಿಗೆ ಬರಬಹುದು. 1861ರಲ್ಲಿ ಪ್ಯಾರಿಸಿನ ವೈದ್ಯ ಪ್ರಾಸ್ಪರ್ ಮೆನಿಯೇರ್ ಈ ನಂಟನ್ನು ಹೇಳಿದರು. ಅವರ ಹೆಸರಿನ ಕಾಯಿಲೆಯಲ್ಲಿ 20 ನಿಮಿಷದಿಂದ ಹಲವು ಗಂಟೆಗಳವರೆಗೆ ತಲೆ ಗಿರ್ರೆನ್ನುತ್ತದೆ.

ಸುಜೂದ್‌ಗೆ ಬಾಗುವಾಗ, ಹಾಸಿಗೆಯಲ್ಲಿ ಮಗ್ಗುಲಾಗುವಾಗ ಕೆಲವೇ ಸೆಕೆಂಡು ತಿರುಗಿ ನಿಲ್ಲುವುದು ಬೇರೆ. ಅದು ಹೆಚ್ಚಾಗಿ ಒಳಕಿವಿಯ ಸಣ್ಣ ಹರಳು ಜಾರಿದ್ದರಿಂದ. ವೈದ್ಯರು ತಲೆಯನ್ನು ಕ್ರಮವಾಗಿ ತಿರುಗಿಸಿ ಸರಿಮಾಡ್ತಾರೆ, ಆಪರೇಷನ್ ಬೇಕಾಗುವುದು ತೀರಾ ಅಪರೂಪ.

ಮೆನಿಯೇರ್‌ಗೂ ಮೊದಲು ಉಪ್ಪು ಕಡಿಮೆ ಮಾಡುವುದು, ಮಾತ್ರೆ, ಕಿವಿಗೆ ಇಂಜೆಕ್ಷನ್. ಅದಕ್ಕೂ ಬಗ್ಗದಿದ್ದರಷ್ಟೇ ಶಸ್ತ್ರಚಿಕಿತ್ಸೆ. ದ್ರವದ ಚೀಲದ ಒತ್ತಡ ಇಳಿಸುವುದು, ಸಮತೋಲದ ನರ ಕತ್ತರಿಸುವುದು ಕೇಳುವ ಶಕ್ತಿ ಉಳಿಸಿಕೊಂಡು ಮಾಡುವ ಯತ್ನಗಳು. ಒಳಕಿವಿಯ ಸಮತೋಲದ ಭಾಗವನ್ನೇ ತೆಗೆದರೆ ತಲೆಸುತ್ತು ನಿಲ್ಲಬಹುದು, ಆದರೆ ಆ ಕಿವಿಯಲ್ಲಿ ಉಳಿದ ಕೇಳುವ ಶಕ್ತಿಯೂ ಹೋಗುತ್ತದೆ. ಹಾಗಾಗಿ ಸಹಿ ಹಾಕುವ ಮುನ್ನ ಶ್ರವಣ ಪರೀಕ್ಷೆಯ ಚೀಟಿ ಮುಂದಿಟ್ಟು ಕೇಳಲೇಬೇಕು: ‘ಡಾಕ್ಟ್ರೇ, ಇದಾದ ಮೇಲೆ ಈ ಕಿವಿ ಎಷ್ಟು ಕೇಳಿಸ್ತದೆ?’

ಕೆಲವೊಮ್ಮೆ ಮಾತ್ರ ಆಪರೇಷನ್ ಮುಂದೂಡುವುದೇ ಅಪಾಯ. ವರ್ಷಗಟ್ಟಲೆ ಕೀವು ಸೋರುವ ಕಿವಿಯಲ್ಲಿ ಮೂಳೆ ಸವೆದು ಒಳಕಿವಿಗೆ ತೂತು ಬಿದ್ದರೂ ತಲೆ ತಿರುಗುತ್ತದೆ. ಅದಕ್ಕೆ ಬಿಸಿ ಎಣ್ಣೆ ಮದ್ದಲ್ಲ. ಒಂದೇ ದಿನದಲ್ಲಿ ಕಿವಿ ಕೇಳದಾದರೂ ಕಾಯುವಂತಿಲ್ಲ, ಕೆಲವೇ ದಿನಗಳೊಳಗೆ ಚಿಕಿತ್ಸೆ ಶುರುವಾಗಬೇಕು.

ಗದಗ ಜಿಲ್ಲೆಯ ರೋಣ ಕಡೆಯ ಅಸೂಟಿಯಂಥ ಹಳ್ಳಿಯವರಿಗೆ ದೊಡ್ಡ ಸರಕಾರಿ ಆಸ್ಪತ್ರೆ ಎಂದರೆ ಗದಗದ, ಇಲ್ಲವೇ ಹುಬ್ಬಳ್ಳಿಯ ಮೆಡಿಕಲ್ ಕಾಲೇಜು ಆಸ್ಪತ್ರೆ. ತಲೆ ತಿರುಗುವವರನ್ನು ಒಬ್ಬರೇ ಬಸ್ಸು ಹತ್ತಿಸಲಾಗದು, ಜೊತೆಗೊಬ್ಬರು ಬೇಕು. ಇಬ್ಬರ ದಿನದ ದುಡಿಮೆ ಹೋದಂತೆ. ಅವರು ತಡಮಾಡಿದರೆ ಅರ್ಥವಿದೆ. ವೆನ್ಲಾಕ್, ಮೆಡಿಕಲ್ ಕಾಲೇಜುಗಳು ಹತ್ತಿರವೇ ಇರುವ ಮಂಗಳೂರಿನ ಸುತ್ತಲಿನ ನಾವು ‘ನಾಳೆ ನೋಡುವಾ’ ಅನ್ನುವುದಕ್ಕೆ ಕಾರಣವಿಲ್ಲ. ಮನೆಯಲ್ಲಿ ಉಮ್ಮ ಗೋಡೆ ಹಿಡಿದು ನಡೆಯುತ್ತಿದ್ದರೆ, ಮಾತನ್ನು ಎರಡೆರಡು ಸಲ ಕೇಳುತ್ತಿದ್ದರೆ, ಈ ವಾರವೇ ಶ್ರವಣ ಪರೀಕ್ಷೆ ಮಾಡಿಸೋಣ.