ಬೆಳೆ ಕಾಯುವ ಕೋವಿ: ಅಳತೆ ತಪ್ಪದ ಈಡು

ಗದ್ದೆಯಲ್ಲಿ ತೆನೆ ಬಾಗುವ ಹೊತ್ತಿಗೂ ಮರಗೆಣಸಿನ ಗಡ್ಡೆ ಬಲಿಯುವ ಹೊತ್ತಿಗೂ ನಮ್ಮ ಕಾಸರಗೋಡಿನ ಗುಡ್ಡದ ಬದಿಯ ಒಕ್ಕಲುಮನೆಗಳಲ್ಲಿ ನಿದ್ರೆ ಕಡಿಮೆ. ಹಂದಿಯ ಒಂದು ಹಿಂಡು ಒಂದು ರಾತ್ರಿ ಹೊಕ್ಕರೆ ಸಾಕು, ಆರು ತಿಂಗಳ ದುಡಿಮೆ ಬೆಳಗಾಗುವುದರೊಳಗೆ ಮಣ್ಣುಪಾಲು. ಮನೆಯಲ್ಲಿ ಅಜ್ಜನ ಕಾಲದ ಕೇಪಿನ ಕೋವಿ ಇದೆ, ಪರವಾನಿಗೆಯೂ ಇದೆ, ಆದರೆ ಇಟ್ಟ ಗುರಿ ತಾಗುವುದಿಲ್ಲವೆಂದು ಕೊರಗುವವರು ಹಲವರು. ಕೋವಿ ಹಳತಾಯಿತೆಂದು ಅದನ್ನು ದೂರುತ್ತಾರೆ. ನಮ್ಮ ಅನುಭವದಲ್ಲಿ ಹತ್ತರಲ್ಲಿ ಎಂಟು ಸಲ ತಪ್ಪು ಕೋವಿಯದಲ್ಲ, ಈಡು ತುಂಬುವ ಕೈಯದು.

ಮೊದಲು ಕಾಯಿದೆಯ ಮಾತು

ಕೋವಿ ಇದೆ ಎಂದ ಮಾತ್ರಕ್ಕೆ ಹಂದಿಗೆ ಗುಂಡಿಡಲು ಅಪ್ಪಣೆ ಇದೆ ಎಂದು ತಿಳಿಯಕೂಡದು. ಕಾಡುಹಂದಿಯು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಯಲ್ಲಿ ಸೇರಿದ ಪ್ರಾಣಿ. ಬೆಳೆಗೆ ಹಾನಿ ಮಾಡುವ ಹಂದಿಯನ್ನು ಕೊಲ್ಲಲು ಆ ಕಾಯಿದೆಯಂತೆ ಅಧಿಕಾರವುಳ್ಳವರ ಆಜ್ಞೆ ಬೇಕು. ಕೇರಳ ಸರಕಾರವು 2022ರಲ್ಲಿ ಆ ಅಧಿಕಾರವನ್ನು ಪಂಚಾಯತು ಅಧ್ಯಕ್ಷರೇ ಮೊದಲಾದ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ವಹಿಸಿಕೊಟ್ಟಿತು. ಪರವಾನಿಗೆಯ ಕೋವಿ ಉಳ್ಳವರ ಕೈಯಿಂದ ಮಾತ್ರ ಆ ಕೆಲಸ ಆಗಬೇಕು. ವಿಷ, ಸಿಡಿಮದ್ದು, ವಿದ್ಯುತ್ತಿನ ತಂತಿ ಕೂಡದು ಎಂಬುದು ಅದರ ಕಟ್ಟಳೆ. ಬೇರೆ ರಾಜ್ಯಗಳಲ್ಲಿ ನೆಲೆಸಿದ ನಮ್ಮವರು ಆಯಾ ರಾಜ್ಯದ ನಿಯಮವನ್ನು ಅರಣ್ಯ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯತಕ್ಕದ್ದು.

ಕೋವಿಯ ವಿಷಯಕ್ಕೆ 1959ರ ಆಯುಧ ಕಾಯಿದೆ ಇದೆ. ಬೆಳೆ ರಕ್ಷಣೆಗೆ ನಳಿಗೆಯ ಬಾಯಿಯಿಂದ ತುಂಬುವ ಕೋವಿಯೇ ಸಾಮಾನ್ಯ. ಅದು ಸಾಲದೆಂದು ಅಧಿಕಾರಿಗೆ ಮನದಟ್ಟಾದರೆ ನಯನಳಿಗೆಯ ಬೇರೆ ಕೋವಿಗೂ ಪರವಾನಿಗೆ ಕೊಡಬಹುದೆಂದು ಅದರ 13ನೆಯ ಕಲಮು ಹೇಳುತ್ತದೆ. ತೋಟೆಗಳನ್ನು ತಯಾರಿಸುವುದಕ್ಕಂತೂ 5ನೆಯ ಕಲಮಿನಂತೆ ಬೇರೆಯೇ ಪರವಾನಿಗೆ ಬೇಕು. ಆದ್ದರಿಂದ ಮನೆಯಲ್ಲಿ ಕುಳಿತು ಖಾಲಿ ತೋಟೆ ತುಂಬುವ ಸಾಹಸ ಯಾರಿಗೂ ಬೇಡ.

ಪರದೇಶದ ಬೇಟೆಗಾರರ ಪಾಠ

ಅಮೇರಿಕದಲ್ಲಿ ರೈಫಲ್ ಉಳ್ಳ ಅನೇಕರು ತಮ್ಮ ತೋಟೆಗಳನ್ನು ತಾವೇ ತುಂಬಿಕೊಳ್ಳುವುದುಂಟು. ತೋಟೆಗೆ ಅಂಗ ನಾಲ್ಕು: ಹಿತ್ತಾಳೆಯ ಕೊಳವೆ, ಕೇಪು, ಮದ್ದು, ಗುಂಡು. ಹಾರಿಸಿದ ಮೇಲೆ ಕೊಳವೆ ಉಳಿಯುತ್ತದೆ. ಅದನ್ನು ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು ಮತ್ತೆ ತುಂಬುತ್ತಾರೆ. ಕೆಲವರಿಗೆ ಅದು ಉಳಿತಾಯ. ಜಾಣರು ಮಾಡುವುದು ಗುರಿಗಾಗಿ. ಒಂದೊಂದು ರೈಫಲಿಗೆ ಒಂದೊಂದು ಈಡು ಒಗ್ಗುತ್ತದೆ. ಅದನ್ನು ಹುಡುಕುವಾಗ ಅವರು ಪಾಲಿಸುವ ಸೂತ್ರವೆಂದರೆ ಒಂದು ಸಲಕ್ಕೆ ಒಂದನ್ನೇ ಬದಲಿಸು, ಉಳಿದದ್ದನ್ನು ಹಾಗೆಯೇ ಇಡು, ಕಾಗದದ ಮೇಲೆ ನೋಡು, ಬರೆದಿಡು.

ನಮ್ಮ ಕೇಪಿನ ಕೋವಿಯವನು ತೋಟೆ ತುಂಬುವುದಿಲ್ಲ, ನಿಜ. ಆದರೆ ಅವನ ಪ್ರತಿಯೊಂದು ಈಡೂ ಕೈಯಾರೆ ತುಂಬಿದ್ದೇ ಅಲ್ಲವೇ? ಆ ಸೂತ್ರ ನಮಗೆ ಇನ್ನೂ ಹೆಚ್ಚು ಬೇಕು.

ಗುಂಡು ಏಕೆ ದಾರಿ ತಪ್ಪುತ್ತದೆ?

ಈ ಪ್ರಶ್ನೆಯನ್ನು ಬಿಡಿಸಿದವರಲ್ಲಿ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಮುಖ್ಯನು. ತೂಗುವ ಹಲಗೆಗೆ ಗುಂಡು ಹೊಡೆದು, ಹಲಗೆ ಹಿಂದೆ ಸರಿದ ಅಳತೆಯಿಂದ ಗುಂಡಿನ ವೇಗವನ್ನು ಲೆಕ್ಕ ಹಾಕುವ ಬಗೆಯನ್ನು 1742ರಲ್ಲಿ ಪ್ರಕಟಿಸಿದನು. ಆತನು ಕಂಪೆನಿ ಸರಕಾರದ ಕೆಲಸಕ್ಕೆಂದು ನಮ್ಮ ದೇಶಕ್ಕೆ ಬಂದು 1751ರಲ್ಲಿ ಕಡಲೂರಿನ ಬಳಿಯ ಸಂತ ಡೇವಿಡ್ಡನ ಕೋಟೆಯಲ್ಲಿ ತೀರಿಕೊಂಡನು. ನಯನಳಿಗೆಯಲ್ಲಿ ಸಡಿಲವಾಗಿ ಹೊರಡುವ ಗುಂಡು ಒಂದು ಮಗ್ಗುಲಿಗೆ ಉಜ್ಜಿಕೊಂಡು ತಿರುಗುತ್ತ ಹೊರಬೀಳುತ್ತದೆ. ಹೇಗೆ ತಿರುಗಿತೋ ಆ ಕಡೆಗೆ ಗಾಳಿಯಲ್ಲಿ ಬಾಗುತ್ತದೆ ಎಂದು ತೋರಿಸಿದವನು ಅವನೇ. ಸುರುಳಿ ಗೀರಿದ ನಳಿಗೆ, ಅಂದರೆ ರೈಫಲು, ಗುಂಡನ್ನು ಒಂದೇ ಕ್ರಮದಲ್ಲಿ ತಿರುಗಿಸುವುದರಿಂದ ಆ ದೋಷವನ್ನು ನೀಗುತ್ತದೆ. ನಮ್ಮ ಕೋವಿಗೆ ಗೀರಿಲ್ಲ. ಗುಂಡಿಗೆ ಬಟ್ಟೆ ಸುತ್ತಿ ನಳಿಗೆಯ ನಟ್ಟನಡುವೆ ಕೂರಿಸುವುದೊಂದೇ ನಮಗಿರುವ ಉಪಾಯ.

ನಾವು ಮಾಡಿ ನೋಡಿದ್ದು

ನಮ್ಮ ಹಿರಿಯರದು ಬೆರಳಳತೆ. ಮದ್ದು, ಬಟ್ಟೆ, ಗುಂಡು ತುಂಬಿ ಗಜ ಇಳಿಸಿದಾಗ ಅದು ನಳಿಗೆಯಿಂದ ಎಷ್ಟು ಬೆರಳು ಹೊರಗುಳಿಯಿತೆಂದು ನೋಡುವುದು. ಇದರಲ್ಲಿ ಬಟ್ಟೆ ದಪ್ಪವಾದರೂ, ಗಜ ಮೆಲ್ಲನೆ ಒತ್ತಿದರೂ, ಒಳಗೆ ಮಸಿ ಕಟ್ಟಿದರೂ ಬೆರಳು ಅಷ್ಟೇ ತೋರಬಹುದು. ಮದ್ದು ಮಾತ್ರ ಹೆಚ್ಚು ಕಡಿಮೆ.

ಪರವಾನಿಗೆಯುಳ್ಳ ಬಂದೂಕು ಕೆಲಸದವರಿಂದ ಕೋವಿಯನ್ನು ತಪಾಸಣೆ ಮಾಡಿಸಿ, ಗುರಿ ಪರೀಕ್ಷೆಗೆ ಅಡ್ಡಿಯಿಲ್ಲವೆಂದು ಠಾಣೆಯಲ್ಲಿ ಕೇಳಿಕೊಂಡು, ಎತ್ತರದ ಮಣ್ಣುದಿಬ್ಬದೆದುರು 30 ಹೆಜ್ಜೆ ದೂರದಲ್ಲಿ ಕಾಗದ ಕಟ್ಟಿದೆವು. ಮೊದಲು ಬೆರಳಳತೆಯಿಂದ ಐದು ಈಡು: ತೂತುಗಳು ಒಂದು ದೊಡ್ಡ ಮೊರದಗಲ ಚದರಿದವು. ಎರಡನೆಯ ಸಲ, ಕೋವಿಗೆ ಹೇಳಿದ ಕಡಿಮೆ ಪ್ರಮಾಣದ ಮದ್ದಿಗೆ ಸರಿಯಾಗಿ ಮಾಡಿಸಿದ ಹಿತ್ತಾಳೆಯ ಅಳತೆಯಿಂದ ತಲೆಗೋಲೆಳೆದು ಮದ್ದು ಹಾಕಿ ಐದು ಈಡು: ಮೇಲೆ ಕೆಳಗಾಗುವುದು ಕಡಿಮೆಯಾಯಿತು, ಎಡಬಲಕ್ಕೆ ಹೋಗುವುದು ನಿಲ್ಲಲಿಲ್ಲ. ಮೂರನೆಯ ಸಲ ಅದೇ ಮದ್ದಿಗೆ, ಒಂದೇ ದಪ್ಪದ ಹತ್ತಿಬಟ್ಟೆಯ ಬಿಲ್ಲೆಗೆ ಎಣ್ಣೆ ಸವರಿ ಗುಂಡಿಗೆ ಸುತ್ತಿ, ಪ್ರತಿ ಈಡಿನ ನಂತರ ನಳಿಗೆಯನ್ನು ಒರಸಿ ತುಂಬಿದೆವು. ಐದೂ ತೂತುಗಳು ತೆಂಗಿನ ಗೆರಟೆಯಿಂದ ಮುಚ್ಚುವಷ್ಟಕ್ಕೆ ಬಂದವು. ಕೋವಿ ಅದೇ, ಕಣ್ಣು ಅದೇ, ಬದಲಾದದ್ದು ಕೈಯ ಶಿಸ್ತು.

ಇನ್ನಷ್ಟು ಮದ್ದು ಹಾಕಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಅತಿ ಆಸೆ ಗತಿಗೇಡು. ಒಂದು ಮಿತಿ ದಾಟಿದ ಮೇಲೆ ಹೆಚ್ಚಿನ ಮದ್ದು ಉರಿಯದೆ ಹೊರಕ್ಕುಗುಳುತ್ತದೆ. ಹೊಗೆ ಹೆಚ್ಚು, ಒದೆತ ಹೆಚ್ಚು, ಗುರಿ ಕೆಡುತ್ತದೆ. ಹಳೆಯ ನಳಿಗೆ ಬಿರಿದರಂತೂ ಕೈ ಕಣ್ಣು ಎರಡೂ ಹೋಗಬಹುದು.

ನೆನಪಿಡತಕ್ಕ ಮಾತುಗಳು

ಕೇಪಿನ ಕೋವಿಗೆ ಕರಿಮದ್ದು ಮಾತ್ರ, ಅದೂ ಪರವಾನಿಗೆಯ ಅಂಗಡಿಯದು. ತೋಟೆ ಒಡೆದು ತೆಗೆದ ಹೊಗೆಯಿಲ್ಲದ ಮದ್ದನ್ನು ಒಂದು ಚಿಟಿಕೆಯೂ ಹಾಕಬಾರದು. ಅದರ ಒತ್ತಡವನ್ನು ಈ ನಳಿಗೆ ತಾಳದು.

ಗುಂಡು ಮದ್ದಿನ ಮೇಲೆ ಒತ್ತಿ ಕುಳಿತಿರಬೇಕು. ನಡುವೆ ತೆರಪು ಉಳಿದರೆ ನಳಿಗೆ ಉಬ್ಬೀತು, ಒಡೆದೀತು. ಖಾಲಿ ಕೋವಿಯಲ್ಲಿ ಗಜ ಎಲ್ಲಿಗೆ ನಿಲ್ಲುತ್ತದೆ, ಸರಿಯಾದ ಈಡಿನಲ್ಲಿ ಎಲ್ಲಿಗೆ ನಿಲ್ಲುತ್ತದೆ ಎಂದು ಗಜದ ಮೇಲೆ ಎರಡು ಗೀರು ಹಾಕಿಡಿ. ತುಂಬಿದ ಕೋವಿಗೆ ಮರೆತು ಇನ್ನೊಂದು ಈಡು ತುಂಬುವ ಅನಾಹುತವನ್ನು ಈ ಎರಡು ಗೀರುಗಳು ತಪ್ಪಿಸುತ್ತವೆ. ಹಿರಿಯರ ಬೆರಳಳತೆಗೆ ಉಳಿದಿರುವ ಸರಿಯಾದ ಉಪಯೋಗ ಇದೇ.

ಮದ್ದಿನ ಬುರುಡೆಯಿಂದ ನೇರವಾಗಿ ನಳಿಗೆಗೆ ಸುರಿಯಬೇಡಿ. ಒಳಗೆ ಕಿಡಿ ಉಳಿದಿದ್ದರೆ ಬುರುಡೆಯೇ ಸಿಡಿಯುವುದು. ಅಳತೆಗೆ ಸುರಿದು, ಬುರುಡೆ ಮುಚ್ಚಿ ದೂರವಿಟ್ಟು, ಅಳತೆಯಿಂದ ಹಾಕಿ. ಈಡು ತುಂಬಿ, ಗಜ ತೆಗೆದು, ಬಾಯಿಯನ್ನು ದಿಬ್ಬಕ್ಕೆ ತಿರುಗಿಸಿದ ಮೇಲೆಯೇ ಕೇಪು.

ಕೇಪು ಸಿಡಿದೂ ಈಡು ಹಾರದಿದ್ದರೆ ಕೋವಿಯನ್ನು ಗುರಿಯ ಕಡೆಗೇ ಹಿಡಿದು ಎರಡು ನಿಮಿಷ ಕಾಯಿರಿ. ನಮ್ಮ ಮಳೆಗಾಲದ ತೇವದಲ್ಲಿ ಮದ್ದು ತಡೆದು ಹತ್ತುವುದುಂಟು. ಬಾಯಿಗೆ ಕಣ್ಣಿಟ್ಟು ಇಣುಕುವುದು ಎಂದಿಗೂ ಕೂಡದು.

ಹಾರಿಸಿದ ದಿನವೇ ಬಿಸಿನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿಡಿ. ಕರಿಮದ್ದಿನ ಮಸಿ ನೀರನ್ನೆಳೆದು ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಹಿಡಿಸುತ್ತದೆ.

ಗುರಿ ಏಕೆ ಇಷ್ಟು ಮುಖ್ಯ?

ಪ್ರಾಯದ ಗಂಡುಹಂದಿಯ ಹೆಗಲಲ್ಲಿ ಗುರಾಣಿಯಂಥ ದಪ್ಪ ಚರ್ಮವಿರುತ್ತದೆ. ಚರೆಯ ಈಡು ಅದಕ್ಕೆ ನಾಟದೆ ಗಾಯ ಮಾತ್ರ ಮಾಡುತ್ತದೆ. ಗಾಯಗೊಂಡ ಹಂದಿ ಪೊದೆಯಲ್ಲಿ ಅಡಗಿ, ಮರುದಿನ ಹುಲ್ಲಿಗೆ ಹೋದ ಹೆಂಗಸಿನ ಮೇಲೋ ಶಾಲೆಗೆ ಹೋಗುವ ಮಗುವಿನ ಮೇಲೋ ಎರಗೀತು. ಮೂಕಪ್ರಾಣಿ ದಿನಗಟ್ಟಲೆ ನರಳಿ ಸಾಯುವುದೂ ಧರ್ಮವಲ್ಲ. ಕಾಗದದ ಮೇಲೆ ನಮ್ಮ ಈಡು 30 ಹೆಜ್ಜೆಗೆ ನಂಬಿಕೆಗೆ ತಕ್ಕುದೆಂದು ಕಂಡರೆ 40 ಹೆಜ್ಜೆಯ ಹಂದಿಯನ್ನು ಬಿಟ್ಟುಬಿಡುವುದೇ ವಿವೇಕ. ಹಂದಿಯ ಹಿಂದೆ ಏನಿದೆ ಎಂದು ಕಾಣದ ಕತ್ತಲೆಯಲ್ಲಿ ಕುದುರೆ ಎಳೆಯಲೇಬೇಡಿ. ತೋಟ ಕಾಯಲು ಬಂದ ನೆರೆಯವನೂ ಅಲ್ಲಿರಬಹುದು.

ನೆರೆಯ ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದಂದು ಕೋವಿಗೆ ಹೂವಿಟ್ಟು ಪೂಜಿಸಿ, ಆಮೇಲೆ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ ನಡೆಯುತ್ತದೆ. ಪೂಜೆಯ ಜೊತೆಗೆ ಪರೀಕ್ಷೆಯೂ ಇರುವ ಆ ಕ್ರಮ ಒಪ್ಪತಕ್ಕದ್ದು. ನಮ್ಮ ಮನೆಗಳಲ್ಲಿ ಕೋವಿ ವರ್ಷವಿಡೀ ಅಟ್ಟದಲ್ಲಿದ್ದು, ಹಂದಿ ಬಂದ ರಾತ್ರಿ ಮಾತ್ರ ಕೈಗೆ ಬರುತ್ತದೆ. ಬೇಲಿ, ಅಗಳು, ಕಾವಲು ಇವೇ ಬೆಳೆಯ ಮೊದಲ ರಕ್ಷೆ, ಕೋವಿ ಕೊನೆಯದು. ಆ ಕೊನೆಯದನ್ನು ಎತ್ತಿಕೊಳ್ಳುವ ದಿನ ಬಂದರೆ, ಅಪ್ಪಣೆಯ ಕಾಗದ ಕೈಯಲ್ಲಿರಲಿ, ಅಳತೆಯ ಮದ್ದು ನಳಿಗೆಯಲ್ಲಿರಲಿ, ಅವಸರ ಮಾತ್ರ ಮನೆಯಲ್ಲೇ ಉಳಿಯಲಿ.