ದಣಿದ ಕತ್ತೆಗೆ ನೆರಳು

ತುಂಗಭದ್ರೆಯ ಎಡದಂಡೆಯಲ್ಲಿ, ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಸಮೀಪದಲ್ಲಿ, ಹನುಮನಹಳ್ಳಿ ಎಂಬ ಊರಿದೆ. ಅದರ ಪಕ್ಕದಲ್ಲೇ ಅಂಜನಾದ್ರಿ. 575 ಮೆಟ್ಟಿಲೇರಿ ಆಂಜನೇಯನ ದರ್ಶನಕ್ಕೆ ಹೋಗುವ ಭಕ್ತರು ದಾರಿಯ ಕೋತಿಗಳಿಗೆ ಬಾಳೆಹಣ್ಣು ಕೊಡುವುದನ್ನು ಮರೆಯುವುದಿಲ್ಲ. ಹೊಳೆ ದಾಟಿದರೆ ಹಂಪೆಯಲ್ಲಿ ಎದುರು ಬಸವಣ್ಣ ಕುಳಿತಿದ್ದಾನೆ. ಇನ್ನೂ ಸ್ವಲ್ಪ ದೂರದ ದರೋಜಿಯಲ್ಲಿ, ಜಾಂಬವಂತನ ಕುಲಕ್ಕೆಂದೇ ಎಂಬಂತೆ, 1994ರಲ್ಲಿ ಕರಡಿಧಾಮವಾಯಿತು. ಕಿಷ್ಕಿಂಧೆಯ ಸೀಮೆಯಲ್ಲಿ ಹೀಗೆ ಕೋತಿಗೆ ಹಣ್ಣು, ಎತ್ತಿಗೆ ಪೂಜೆ, ಕರಡಿಗೆ ಕಾಡು ದೊರೆತಿವೆ. ಆದರೆ ಅದೇ ಸೀಮೆಯ ಮಣ್ಣು, ಕಲ್ಲು, ಮೈಲಿಗೆ ಬಟ್ಟೆಗಳನ್ನು ತಲೆಮಾರುಗಳ ಕಾಲ ಹೊತ್ತ ಇನ್ನೊಂದು ಪ್ರಾಣಿಗೆ ದೊರೆತದ್ದೇನು?

ಕತ್ತೆಯ ಹೆಸರೆತ್ತಿದರೆ ನಮಗೆ ಮೊದಲು ಬರುವುದು ನಗೆ. ಕಸ್ತೂರಿಯ ಪರಿಮಳ ಅರಿಯದ ಮೂಢನಿಗೂ ಅದೇ ಹೆಸರು, ಪಾಠ ಬಾರದ ಹುಡುಗನಿಗೂ ಅದೇ ಹೆಸರು. ಕೆಲಸವಾಗಬೇಕಾದಾಗ ಕತ್ತೆಯ ಕಾಲನ್ನಾದರೂ ಹಿಡಿಯಬೇಕೆಂಬ ನಮ್ಮ ಗಾದೆಯೂ ಕಾಲು ಹಿಡಿಯುವವನ ಹೀನಾಯವನ್ನು ಹೇಳುತ್ತದೆಯೇ ಹೊರತು ಕತ್ತೆಯ ಹಿರಿಮೆಯನ್ನಲ್ಲ. ಪುರಾಣಗಳೂ ಅದರ ಪಾಲಿಗೆ ಉದಾರವಾಗಿಲ್ಲ. ವಾಲ್ಮೀಕಿಯಲ್ಲಿ ರಾವಣನ ರಥಕ್ಕೆ ಕಟ್ಟಿದ್ದು ಕತ್ತೆಗಳನ್ನು. ದಂಡಕಾರಣ್ಯದ ರಾಕ್ಷಸ ಖರನ ಹೆಸರಿಗೇ ಕತ್ತೆಯೆಂದು ಅರ್ಥ. ಬಲರಾಮ ಕೊಂದ ಧೇನುಕನೂ ಕತ್ತೆಯ ರೂಪದವನೇ. ಸಿಡುಬಿನ ದೇವತೆಯಾದ ಶೀತಲೆ ಅದನ್ನು ವಾಹನವಾಗಿ ಸ್ವೀಕರಿಸಿ ಅದರ ಮಾನ ಕಾಯ್ದಳು.

ಚರಿತ್ರೆ ಮಾತ್ರ ಬೇರೆಯದೇ ಲೆಕ್ಕ ಕೊಡುತ್ತದೆ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಅಲ್ಲಿನ ಆನೆ ಕುದುರೆಗಳ ವೈಭವದ ನಡುವೆಯೂ, ಬಟ್ಟೆ ಒಗೆಯುವವರ ಗಂಟು ಹೊರುವ ಚಿಕ್ಕ ಕತ್ತೆಗಳನ್ನು ಗಮನಿಸಿದ್ದಾನೆ. ರೈಲು ಬರುವ ಮೊದಲು ಕೊರಚ ಸಮುದಾಯದವರು ಎತ್ತು ಕತ್ತೆಗಳ ಮೇಲೆ ಉಪ್ಪು ಹೇರಿಕೊಂಡು ಒಳನಾಡಿನ ಸಂತೆಗಳಿಗೆ ಬರುತ್ತಿದ್ದರು. ಮಡಿವಾಳರ ಹೊಳೆ, ಕುಂಬಾರರ ಮಣ್ಣು, ಒಡ್ಡರ ಕಲ್ಲು, ಕುರಿಗಾರರ ಸಂಚಾರಿ ಸಂಸಾರ, ಇವೆಲ್ಲಕ್ಕೂ ಅದರ ಬೆನ್ನೇ ಆಧಾರವಾಗಿತ್ತು.

ಆ ಬೆನ್ನಿನ ಕೆಲಸವನ್ನು ಈಗ ಟ್ರ್ಯಾಕ್ಟರು, ಟಂಟಂ ಗಾಡಿಗಳು ಕಿತ್ತುಕೊಂಡಿವೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 3 ಲಕ್ಷ 20 ಸಾವಿರ ಕತ್ತೆಗಳಿದ್ದವು. 2019ರ ಗಣತಿಯ ಹೊತ್ತಿಗೆ 1 ಲಕ್ಷ 20 ಸಾವಿರ. ಏಳು ವರ್ಷಗಳಲ್ಲಿ ನೂರಕ್ಕೆ ಅರವತ್ತೊಂದು ಕತ್ತೆಗಳು ಇಲ್ಲವಾದವು. ಕರ್ನಾಟಕದಲ್ಲಿ ಉಳಿದದ್ದು 9 ಸಾವಿರದಷ್ಟು. ಕೆಲಸವಿಲ್ಲದ ಎತ್ತಿಗೆ ಗೋಶಾಲೆಯಾದರೂ ಉಂಟು. ಕೆಲಸವಿಲ್ಲದ ಕತ್ತೆಯನ್ನು ಒಡೆಯ ಊರಾಚೆ ಬಿಟ್ಟು ಬರುತ್ತಾನೆ. ಅದು ಸಂತೆಬಯಲಿನಲ್ಲಿ ರದ್ದಿ ಕಾಗದ, ಪ್ಲಾಸ್ಟಿಕ್ ತಿನ್ನುತ್ತ, ರಾತ್ರಿ ರಸ್ತೆಯ ನಡುವೆ ನಿಂತು ಲಾರಿಗೆ ಸಿಕ್ಕಿ ಸಾಯುತ್ತದೆ. ಇಂಥ ಕತ್ತೆಯನ್ನು ಮನೆಗೆ ಕರೆತರುವ ಕೆಲವರು ಲೋಕದಲ್ಲಿ ಇದ್ದಾರೆ. ಅವರ ವಿಷಯವೇ ಇಂದಿನ ಮಾತು.

ಈ ಕೆಲಸಕ್ಕೆ ಜಗತ್ತಿನಲ್ಲಿ ಒಂದು ವ್ಯವಸ್ಥಿತ ರೂಪ ಕೊಟ್ಟವರು ಇಂಗ್ಲೆಂಡಿನ ಎಲಿಜಬೆತ್ ಸ್ವೆಂಡ್ಸನ್ ಎಂಬ ಮಹಿಳೆ. ಡೆವನ್ ಪ್ರಾಂತದಲ್ಲಿ ಹೋಟೆಲು ನಡೆಸುತ್ತಿದ್ದ ಆಕೆ 1969ರಲ್ಲಿ ಒಂದು ಕತ್ತೆಯನ್ನು ಕೊಂಡರು. ಒಂದು ಹಲವಾಯಿತು. 1974ರಲ್ಲಿ ವಿಚಿತ್ರವಾದೊಂದು ಉಯಿಲು ಅವರ ಕೈ ಸೇರಿತು. ವಯಲೆಟ್ ಫಿಲ್ಪಿನ್ ಎಂಬ ಮತ್ತೊಬ್ಬ ಕತ್ತೆಪ್ರೇಮಿ ತೀರಿಕೊಂಡಾಗ ತಾವು ಸಾಕಿದ್ದ 204 ಕತ್ತೆಗಳನ್ನು ಸ್ವೆಂಡ್ಸನ್ನರಿಗೆ ಬಿಟ್ಟುಹೋಗಿದ್ದರು! ಚಿನ್ನ ಬಂದರೆ ಪೆಟ್ಟಿಗೆಯಲ್ಲಿಡಬಹುದು. ಇನ್ನೂರ ನಾಲ್ಕು ಹಸಿದ ಬಾಯಿಗಳನ್ನು ಎಲ್ಲಿಡುವುದು? ಅವರು ಬೇಡವೆನ್ನಲಿಲ್ಲ. ಅವರು ಕಟ್ಟಿದ ‘ಡಾಂಕಿ ಸ್ಯಾಂಕ್ಚುರಿ’ ಮುಂದೆ ಭಾರತವೂ ಸೇರಿದಂತೆ ಹಲವು ದೇಶಗಳಿಗೆ ಕೈ ಚಾಚಿತು. ಸ್ವೆಂಡ್ಸನ್ 2011ರಲ್ಲಿ ತೀರಿಕೊಂಡರು, ಸಂಸ್ಥೆ ಉಳಿದಿದೆ.

ಈ ಉಯಿಲಿನ ಕಥೆಯಲ್ಲಿ ವಿನೋದವಿರುವಂತೆ ಒಂದು ಎಚ್ಚರವೂ ಇದೆ. ಚೆನ್ನಾಗಿ ನೋಡಿಕೊಂಡರೆ ಕತ್ತೆ ಇಪ್ಪತ್ತೈದು, ಮೂವತ್ತು ವರ್ಷ ಬದುಕುತ್ತದೆ. ಕೆಲವು ಇನ್ನೂ ಹೆಚ್ಚು. ಐವತ್ತರ ವಯಸ್ಸಿನಲ್ಲಿ ಎಳೆಯ ಕತ್ತೆಯೊಂದನ್ನು ಮನೆಗೆ ತಂದವರು ತಮ್ಮ ನಂತರ ಅದನ್ನು ನೋಡಿಕೊಳ್ಳುವವರು ಯಾರೆಂಬುದನ್ನು ಅಂದೇ ಯೋಚಿಸಬೇಕು. ಬಿಡಿಸಿ ತರುವುದು ಒಂದು ದಿನದ ಸಾಹಸ. ಸಾಕುವುದು ಮೂವತ್ತು ವರ್ಷದ ವ್ರತ.

ನಮ್ಮ ನಾಡಿನಲ್ಲಿ ಈ ವ್ರತ ಹಿಡಿದವರಲ್ಲಿ ಕ್ರಿಸ್ಟಲ್ ರಾಜರ್ಸ್ ಅವರನ್ನು ನೆನೆಯಬೇಕು. 1959ರಲ್ಲಿ ಭಾರತಕ್ಕೆ ಬಂದ ಈ ಆಂಗ್ಲ ಮಹಿಳೆ ಇಲ್ಲಿಯ ಮೂಕಪ್ರಾಣಿಗಳ ಯಾತನೆ ಕಂಡು ಇಲ್ಲೇ ನೆಲೆಸಿಬಿಟ್ಟರು. ದೆಹಲಿಯಲ್ಲೊಂದು, ಜಯಪುರದಲ್ಲೊಂದು ಆಶ್ರಯಧಾಮ ಕಟ್ಟಿ, ಎಂಬತ್ತು ದಾಟಿದ ಮೇಲೆ ಬೆಂಗಳೂರಿಗೆ ಬಂದು, 1991ರಲ್ಲಿ ‘ಕ್ಯೂಪಾ’ ಸಂಸ್ಥೆಯನ್ನು ಆರಂಭಿಸಿದರು, 1996ರಲ್ಲಿ ಕಣ್ಮುಚ್ಚಿದರು. ಕೆಲವೇ ಸ್ವಯಂಸೇವಕರಿಂದ ಮೊದಲಾದ ಆ ಸಂಸ್ಥೆ ದೊಡ್ಡ ಪ್ರಾಣಿಗಳಿಗೆಂದೇ ನಡೆಸುವ ಪುನರ್ವಸತಿ ಕೇಂದ್ರದಲ್ಲಿ ಕುದುರೆ, ದನಗಳ ಜೊತೆಗೆ ಕತ್ತೆಗಳಿಗೂ ಜಾಗವಿದೆ. ಸ್ಥಾಪಕಿ ಹೋದ ಮೇಲೂ ಆಶ್ರಯ ಉಳಿಯಿತೆಂಬುದೇ ಇಲ್ಲಿ ಮುಖ್ಯವಾದ ಮಾತು.

ಈ ಜನ ದಿನವೂ ಮಾಡುವ ಕೆಲಸ ಯಾವ ರೀತಿಯದು? ಮೊದಲು ಕತ್ತೆಯ ಸ್ವಭಾವ ಅರಿಯಬೇಕು. ಅದು ಆಫ್ರಿಕದ ಒಣನೆಲದಿಂದ ಬಂದ ಪ್ರಾಣಿ. ನೋವನ್ನು ಹೊರಗೆ ತೋರಿಸಿಕೊಳ್ಳುವುದಿಲ್ಲ. ಕುದುರೆ ಒದ್ದಾಡುವ ಹೊಟ್ಟೆನೋವಿನಲ್ಲಿ ಕತ್ತೆ ತಲೆ ತಗ್ಗಿಸಿ ಸುಮ್ಮನೆ ನಿಲ್ಲುತ್ತದೆ. ಅದು ಮೇವು ಬಿಟ್ಟಿತೆಂದರೆ ಕಾಯಿಲೆ ಬಲಿತಿದೆಯೆಂದೇ ತಿಳಿಯಬೇಕು. ನಾವು ಮೊಂಡುತನವೆನ್ನುವುದು ಬಹುಮಟ್ಟಿಗೆ ಅದರ ಎಚ್ಚರಿಕೆ. ಭಯವಾದಾಗ ಅದು ಓಡುವುದಿಲ್ಲ, ನಿಂತು ಯೋಚಿಸುತ್ತದೆ. ಆ ಯೋಚನೆಗೆ ನಾವು ಕೊಡುವ ಉತ್ತರ ಬಡಿಗೆ.

ಕಲ್ಲುನೆಲದಲ್ಲಿ ಸವೆಯಬೇಕಾದ ಗೊರಸು ಮೆತ್ತನೆಯ ನೆಲದಲ್ಲಿ ಕಟ್ಟಿಹಾಕಿದರೆ ಬೆಳೆದು ಚಪ್ಪಲಿಯ ಮೂತಿಯಂತೆ ಮೇಲಕ್ಕೆ ಬಾಗುತ್ತದೆ. ಆರರಿಂದ ಹತ್ತು ವಾರಕ್ಕೊಮ್ಮೆ ಅದನ್ನು ಕತ್ತರಿಸಬೇಕು. ಅದರ ಕೂದಲು ಕುದುರೆಯದರಂತೆ ನೀರು ತಡೆಯದು. ಮಳೆಗಾಲಕ್ಕೆ ಸೂರು ಬೇಕು. ಕನಿಕರದಿಂದ ಕಾಳು ಹಿಂಡಿ ಹೆಚ್ಚಾಗಿ ಹಾಕಿದರೆ ಅದೇ ರೋಗಕ್ಕೆ ಮೂಲ. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಅದರ ಗೆಳೆತನ. ಜೊತೆಯಾಗಿ ಬಾಳಿದ ಎರಡು ಕತ್ತೆಗಳನ್ನು ಅಗಲಿಸಿದರೆ ಉಳಿದದ್ದು ಮೇವು ಬಿಡುತ್ತದೆ. ಮೇವು ಬಿಟ್ಟರೆ ಮೈಯ ಕೊಬ್ಬು ರಕ್ತಕ್ಕಿಳಿದು ಪ್ರಾಣವನ್ನೇ ತೆಗೆಯುತ್ತದೆ. ಆದ್ದರಿಂದ ಬಲ್ಲ ಕಾರ್ಯಕರ್ತರು ಜೋಡಿಯನ್ನು ಮುರಿಯುವುದಿಲ್ಲ. ಒಂದು ಸತ್ತರೆ ಅದರ ದೇಹದ ಬಳಿ ಇನ್ನೊಂದಕ್ಕೆ ಸ್ವಲ್ಪ ಹೊತ್ತು ನಿಲ್ಲಲು ಬಿಡುತ್ತಾರೆ.

ಇಷ್ಟನ್ನೂ ಮೀರಿದ ಕಷ್ಟವೊಂದಿದೆ. ಅದು ಕತ್ತೆಯ ಒಡೆಯನದು. ಬೆನ್ನಮೇಲೆ ಹುಣ್ಣು, ಮುಂಗಾಲುಗಳಿಗೆ ಬಿಗಿದ ಹಗ್ಗ ಕೊರೆದ ಗಾಯ, ಉಸಿರಾಟ ಸರಾಗವಾಗಲೆಂಬ ನಂಬಿಕೆಯಿಂದ ಸೀಳಿದ ಮೂಗಿನ ಹೊಳ್ಳೆ, ಇವನ್ನು ಕಂಡಾಗ ಯಾರಿಗೂ ಸಿಟ್ಟು ಬರುತ್ತದೆ. ಕಾನೂನೂ ಇದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ 1965ರಲ್ಲಿ ಬಂದ ನಿಯಮಗಳಂತೆ ಕತ್ತೆಯ ಮೇಲೆ 50 ಕಿಲೋಗಿಂತ ಹೆಚ್ಚು ಹೇರಬಾರದು. ದಿನಕ್ಕೆ 9 ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸಬಾರದು. ಉಷ್ಣತೆ 37 ಡಿಗ್ರಿ ಮೀರಿದಲ್ಲಿ ಹಗಲು ಹನ್ನೆರಡರಿಂದ ಮೂರರವರೆಗೆ ಹೊರೆ ಹೊರಿಸಲೇಬಾರದು. ಕೊಪ್ಪಳ, ಕುಷ್ಟಗಿ, ಯಲಬುರ್ಗಿಯ ಬೇಸಿಗೆಯನ್ನು ಬಲ್ಲವರಿಗೆ ಈ ಕೊನೆಯ ನಿಯಮದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಬಿಸಿಲಿನಲ್ಲಿ ಕತ್ತೆಯ ಹಿಂದೆ ಬರಿಗಾಲಿನಲ್ಲಿ ನಡೆಯುವ ಮನುಷ್ಯನಿಗೆ ನೆರಳು ಎಲ್ಲಿದೆ? ಅವನ ಕತ್ತೆಯನ್ನು ಕಸಿದುಕೊಂಡರೆ ಸಂಜೆಗೆ ಅವನ ಒಲೆ ಹೊತ್ತದು. ಮರುವಾರ ಸಾಲ ಮಾಡಿ ಇನ್ನೊಂದು ಕತ್ತೆ ತರುತ್ತಾನೆ.

ಇದನ್ನು ಚೆನ್ನಾಗಿ ಕಂಡುಕೊಂಡವರು ನಮ್ಮ ಗಡಿಯಾಚೆಯ ಸಾಂಗ್ಲಿ, ಸೊಲ್ಲಾಪುರ ಜಿಲ್ಲೆಗಳಲ್ಲಿ 2003ರಿಂದ ದುಡಿಯುತ್ತಿರುವ ‘ಆ್ಯನಿಮಲ್ ರಾಹತ್’ ಸಂಸ್ಥೆಯವರು. ಇಟ್ಟಿಗೆ ಭಟ್ಟಿಗಳಿಗೆ ಹೋಗಿ ಅವರು ಮೊದಲು ಗಾಯಕ್ಕೆ ಮದ್ದು ಹಾಕುತ್ತಾರೆ, ನಂಬಿಕೆ ಗಳಿಸುತ್ತಾರೆ. ಆಮೇಲೆ ಕತ್ತೆಗಳ ಬದಲು ಯಂತ್ರ ಕೊಳ್ಳಲು ಮಾಲೀಕರಿಗೆ ನೆರವಾಗಿ, ಕತ್ತೆಗಳನ್ನು ನಿವೃತ್ತಿಗೆ ಬಿಡಿಸಿಕೊಳ್ಳುತ್ತಾರೆ. ಹಾಗೆ ಬಿಡುಗಡೆಯಾದವು ನೀಲಗಿರಿಯ ಮಸಿನಗುಡಿ ಬಳಿಯ ಮಾವನಹಳ್ಳದ ಆಶ್ರಯಧಾಮದವರೆಗೂ ಹೋಗಿವೆ. ಕತ್ತೆಯನ್ನು ಉಳಿಸುವ ದಾರಿ ಅದರ ಒಡೆಯನ ಅಂಗಳದ ಮೂಲಕವೇ ಹೋಗಬೇಕೆಂಬುದು ಇವರ ಅನುಭವದ ಸಾರ.

ಬೆಲೆ ಬಂದರೆ ಕತ್ತೆ ತಾನಾಗಿ ಉಳಿದೀತೆಂದು ಕೆಲವರು ವಾದಿಸಬಹುದು. ಈಚಿನ ವರ್ಷಗಳಲ್ಲಿ ಬೆಲೆ ಬಂದದ್ದೂ ನಿಜ. 2022ರಲ್ಲಿ ಬಂಟ್ವಾಳ ತಾಲ್ಲೂಕಿನ ಇರಾ ಗ್ರಾಮದಲ್ಲಿ ಹಾಲಿಗಾಗಿಯೇ ಕತ್ತೆ ಸಾಕಣೆ ಮೊದಲಾಯಿತು. ಹನುಮನಹಳ್ಳಿಗೆ ಹತ್ತಿರದ ಹೊಸಪೇಟೆಯಲ್ಲಂತೂ ಸಂಸ್ಥೆಯೊಂದು ಹಾಲನ್ನು ತಾನೇ ಕೊಳ್ಳುವ ಭರವಸೆಯಿತ್ತು ಲಕ್ಷಗಟ್ಟಲೆ ರೂಪಾಯಿಗೆ ರೈತರಿಗೆ ಕತ್ತೆಗಳನ್ನು ಮಾರಿತು. 2024ರಲ್ಲಿ ಅದರ ಬಾಗಿಲು ಮುಚ್ಚಿತು. ರೈತರು ಪೊಲೀಸರ ಮೊರೆಹೊಕ್ಕರು. ಅವರ ಹಟ್ಟಿಯಲ್ಲಿ ಸಾಲವೂ ಕತ್ತೆಯೂ ಉಳಿದವು. ಹೊರದೇಶದಲ್ಲಿ ಬಂದ ಬೆಲೆ ಇದಕ್ಕಿಂತ ಕ್ರೂರವಾದದ್ದು. ಚೀನದ ಒಂದು ಔಷಧಿಗಾಗಿ ಕತ್ತೆಯ ಚರ್ಮಕ್ಕೆ ಎಷ್ಟು ಬೇಡಿಕೆ ಹುಟ್ಟಿತೆಂದರೆ 2024ರ ಫೆಬ್ರವರಿಯಲ್ಲಿ ಆಫ್ರಿಕ ಒಕ್ಕೂಟವೇ ಮುಂದೆ ಬಂದು ಚರ್ಮಕ್ಕಾಗಿ ಕತ್ತೆ ಕೊಲ್ಲುವುದನ್ನು ನಿಷೇಧಿಸಬೇಕಾಯಿತು. ಬೆಲೆಯಿಲ್ಲದಾಗ ಬೀದಿಗೆ ಬಿದ್ದ ಪ್ರಾಣಿ ಬೆಲೆ ಬಂದಾಗ ಕಟುಕನ ಕೈಗೆ ಬಿತ್ತು. ಎರಡು ಹೊತ್ತಿನಲ್ಲೂ ಅದರ ಜೊತೆ ನಿಲ್ಲುವವರು, ಅದರಿಂದ ತಮಗೇನೂ ಬೇಡವೆನ್ನುವ ಈ ಕೆಲವೇ ಮಂದಿ.

ಇವರನ್ನು ಹುಚ್ಚರೆನ್ನುವವರಿದ್ದಾರೆ, ಮನುಷ್ಯರೇ ಹಸಿದಿರುವಾಗ ಕತ್ತೆಗೇಕೆ ಮೇವೆಂದು ಕೇಳುವವರಿದ್ದಾರೆ. ಆದರೆ ಹಸಿದ ಮನುಷ್ಯನೂ ದಣಿದ ಕತ್ತೆಯೂ ಒಂದೇ ಹಾದಿಯಲ್ಲಿ ಹೆಜ್ಜೆ ಹಾಕಿದವರು. ಒಬ್ಬರ ಹುಣ್ಣು ಕಾಣದ ಕಣ್ಣಿಗೆ ಇನ್ನೊಬ್ಬರದೂ ಕಾಣುವುದಿಲ್ಲ. ನಾವೆಲ್ಲ ಕತ್ತೆ ಸಾಕಲಾರೆವು, ನಿಜ. ಬೇಸಿಗೆಯಲ್ಲಿ ಬಾಗಿಲ ಮುಂದೊಂದು ಬಾನಿಯಲ್ಲಿ ನೀರಿಡಬಲ್ಲೆವು. ಗಾಯಗೊಂಡ ಕತ್ತೆ ಕಂಡರೆ ಊರಿನ ಪಶುವೈದ್ಯರಿಗೆ ಸುದ್ದಿ ಮುಟ್ಟಿಸಬಲ್ಲೆವು. ಮಡಿವಾಳನ ಕತ್ತೆಯ ಬೆನ್ನಿಗೆ ದಪ್ಪನೆಯ ಹಳೆಯ ಕಂಬಳಿಯೊಂದನ್ನು ಕೊಡಬಲ್ಲೆವು. ಅದರಿಂದ ಹುಣ್ಣೊಂದು ಮಾಯುತ್ತದೆ, ದುಡಿಮೆಯೂ ನಿಲ್ಲುವುದಿಲ್ಲ.